ಹೊಂಚು ಹೆಚ್ಚೋ, ಹೊಡೆದಾಟ ಹೆಚ್ಚೋ?

ವೀಡಿಯೊ ಆಟಗಳ ವಿಷಯ ಈ ಅಂಕಣಕ್ಕೆ ಹೊಸದು. ಮಳೆಗಾಲದ ರಸ್ತೆ, ಕನ್ನಡ ಶಾಲೆಗೆ ಬಾರದ ಅಧ್ಯಾಪಕ, ಅಡಿಕೆಯ ಕೊಳೆರೋಗ ಇವುಗಳ ನಡುವೆ ಕಂಪ್ಯೂಟರ್ ಪರದೆಯ ಕಾಳಗಕ್ಕೆ ಜಾಗವೆಲ್ಲಿ ಎಂದು ಹಿರಿಯ ವಾಚಕರು ಕೇಳಿದರೆ ಆಕ್ಷೇಪಿಸುವಂತಿಲ್ಲ. ಆದರೆ ನಮಗೆ ಬಂದ ಒಂದು ಪತ್ರ ಈ ವಿಷಯವನ್ನು ಎತ್ತಿಕೊಳ್ಳುವಂತೆ ಮಾಡಿದೆ. ಬರೆದವರು ಕುಂಬಳೆ ಕಡೆಯ ಒಬ್ಬ ತರುಣ. ಅವರ ಕೆಲಸ ಚಿಂಚೋಳಿ ಎಂಐಡಿಸಿಯಲ್ಲಿ. ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲ. ಇದು ಮಹಾರಾಷ್ಟ್ರದಲ್ಲಿ, ಸೊಲ್ಲಾಪುರದಿಂದ ಪುಣೆಗೆ ಹೋಗುವ ಹೆದ್ದಾರಿಯ ಬದಿಯ ಕೈಗಾರಿಕಾ ಪ್ರದೇಶ. ಕೋಣೆಯಲ್ಲಿ ಅವರ ಜತೆಗಿರುವವರು ಅಕ್ಕಲಕೋಟೆ ತಾಲೂಕಿನ ಕನ್ನಡಿಗ ತರುಣ. ರಜೆಯ ದಿನ ಇಬ್ಬರೂ ಸರದಿಯ ಮೇಲೆ ಆಡುವುದು 'ಸೈಬರ್‌ಪಂಕ್ 2077' ಎಂಬ ಆಟ. ಕುಂಬಳೆಯವರು ಎದುರಿಗೆ ಬಂದವರನ್ನೆಲ್ಲ ಹೊಡೆದುರುಳಿಸಿ ಮುಂದೆ ಹೋಗುವವರು. ಅಕ್ಕಲಕೋಟೆಯವರು ಯಾರ ಕಣ್ಣಿಗೂ ಬೀಳದೆ ಒಳಹೊಕ್ಕು ಕೆಲಸ ಮುಗಿಸಿ ಹೊರಬರುವವರು. ಅಡಗಿ ಆಡುವುದು ಹೇಡಿತನವೆಂದು ಒಬ್ಬರ ವಾದ; ಹೊಡೆದಾಡುವುದಕ್ಕೆ ಬುದ್ಧಿ ಬೇಡವೆಂದು ಮತ್ತೊಬ್ಬರದು. ನೀವೇ ತೀರ್ಪು ಕೊಡಿ ಎಂದು ಪತ್ರ ಮುಗಿಯುತ್ತದೆ.

ಈ ಇಬ್ಬರು ಒಂದೇ ಕೋಣೆಯಲ್ಲಿ ಕೂಡಿದ್ದು ನಮಗೆ ಬೇರೊಂದು ಕಾರಣದಿಂದಲೂ ಮನಸ್ಸಿಗೆ ತಟ್ಟಿತು. 1967ರ ಮಹಾಜನ ಆಯೋಗದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ ಅಕ್ಕಲಕೋಟೆ ತಾಲೂಕೂ ಆಗಿನ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಶಿಫಾರಸು ಮಾಡಲಾಗಿತ್ತು. ವರದಿ ಜಾರಿಯಾಗಲಿಲ್ಲ. ಒಂದೇ ಕಾಗದದಲ್ಲಿ ಹೆಸರು ಬರೆಸಿಕೊಂಡು ಹೊರಗೇ ಉಳಿದ ಎರಡು ಸೀಮೆಗಳ ಹುಡುಗರು ಅವರು. ಇರಲಿ, ಆಟದ ಮಾತಿಗೆ ಬರೋಣ.

ಆಟವನ್ನು ತಯಾರಿಸಿದ್ದು ಪೋಲೆಂಡಿನ ವಾರ್ಸಾ ನಗರದ ಸಿ.ಡಿ. ಪ್ರೊಜೆಕ್ಟ್ ರೆಡ್ ಸಂಸ್ಥೆ. ಬಿಡುಗಡೆಯಾದದ್ದು 2020ರ ದಶಂಬರ 10ರಂದು. ಅಮೆರಿಕದ ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ಹೊರತಂದ, ಮೇಜಿನ ಸುತ್ತ ಕುಳಿತು ಆಡುವ ಒಂದು ಆಟ ಇದಕ್ಕೆ ಮೂಲ. ಕ್ಯಾಲಿಫೋರ್ನಿಯದಲ್ಲಿ ಕಲ್ಪಿಸಿದ ನೈಟ್ ಸಿಟಿ ಎಂಬ ನಗರ. ಅಲ್ಲಿ ಸರಕಾರಕ್ಕಿಂತ ದೊಡ್ಡ ಕಂಪೆನಿಗಳದ್ದೇ ಆಳ್ವಿಕೆ. ಜನ ಕಣ್ಣು, ಕೈ, ನರಗಳಿಗೆ ಯಂತ್ರ ಜೋಡಿಸಿಕೊಂಡಿದ್ದಾರೆ. ಆಡುವವನು 'ವಿ' ಎಂಬ ಪಾತ್ರ ವಹಿಸಿ ಬಾಡಿಗೆ ಕೆಲಸಗಳನ್ನು ಒಪ್ಪಿಕೊಳ್ಳುತ್ತಾನೆ. ಇದು ಪ್ರಾಯಕ್ಕೆ ಬಂದವರ ಆಟ, ಯುರೋಪಿನಲ್ಲಿ 18 ತುಂಬಿದವರಿಗೆಂದೇ ಗುರುತಿಸಿದ್ದಾರೆ. ಶಾಲಾಮಕ್ಕಳ ಕೈಗೆ ಕೊಡತಕ್ಕ ವಸ್ತುವಲ್ಲವೆಂದು ಹೆತ್ತವರಿಗೆ ಇಲ್ಲೇ ತಿಳಿಸಿಬಿಡುತ್ತೇವೆ.

ಪಾತ್ರಕ್ಕೆ ಐದು ಗುಣಗಳುಂಟು. ದೇಹಬಲ, ಚುರುಕು, ತಾಂತ್ರಿಕ ಕೌಶಲ, ಬುದ್ಧಿ, ಸ್ಥಿಮಿತ ಎಂದು ನಾವು ಕನ್ನಡದಲ್ಲಿ ಹೇಳಬಹುದು. ಆಡುತ್ತ ಹೋದಂತೆ ಸಿಗುವ ಅಂಕಗಳನ್ನು ಯಾವ ಗುಣಕ್ಕೆ ಸುರಿಯುತ್ತೀರೋ ಅದರಂತೆ ನಿಮ್ಮ ದಾರಿ. ದೇಹಬಲಕ್ಕೆ ಸುರಿದವನು ದೊಡ್ಡ ಬಂದೂಕು, ಸುತ್ತಿಗೆ ಹಿಡಿದು ಮುಂಬಾಗಿಲಿನಿಂದಲೇ ನುಗ್ಗುತ್ತಾನೆ. ಸ್ಥಿಮಿತಕ್ಕೂ ಬುದ್ಧಿಗೂ ಸುರಿದವನು ಕುಕ್ಕರಗಾಲಲ್ಲಿ ಗೋಡೆಯ ನೆರಳಿಗೆ ಸೇರುತ್ತಾನೆ. ಕಾವಲುಗಾರನ ನೋಟ ಬಿದ್ದಂತೆಲ್ಲ ಪರದೆಯ ಮೇಲೆ ಒಂದು ಗುರುತು ತುಂಬುತ್ತ ಬರುತ್ತದೆ. ಪೂರ್ತಿ ತುಂಬಿದರೆ ಗುಟ್ಟು ರಟ್ಟು. ಕ್ಯಾಮೆರಾವನ್ನು ದೂರದಿಂದಲೇ ವಶಪಡಿಸಿಕೊಂಡು ಅದರ ಕಣ್ಣಿನಿಂದ ನೋಡಬಹುದು, ಕಾವಲಿನವನ ಯಂತ್ರದ ಕಣ್ಣನ್ನು ಕೆಲವು ಕ್ಷಣ ಕುರುಡು ಮಾಡಬಹುದು. ಹಿಂದಿನಿಂದ ಹೋಗಿ ಹಿಡಿದರೆ ಕೊಲ್ಲಲೂಬಹುದು, ಬರೇ ಮೂರ್ಛೆಗೊಳಿಸಲೂಬಹುದು. ಬಿದ್ದವನನ್ನು ಅಡಗಿಸಿಡಬೇಕು, ಇಲ್ಲವಾದರೆ ಇನ್ನೊಬ್ಬ ಕಾವಲುಗಾರ ನೋಡಿ ಬೊಬ್ಬೆ ಹಾಕುತ್ತಾನೆ. ಎದುರು ಪಕ್ಷದಲ್ಲೂ ಜಾಲ ಬಲ್ಲವನೊಬ್ಬ ಇದ್ದರೆ, ನೀವು ಎಲ್ಲಿ ಕುಳಿತಿದ್ದೀರೆಂದು ಹುಡುಕಿ ತನ್ನವರಿಗೆ ತಿಳಿಸುತ್ತಾನೆ. ಹೊಡೆದಾಟದವನಿಗೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ ಹೊಂಚಿನವನಿಗೆ ಅರ್ಧ ಗಂಟೆ ಹಿಡಿದರೂ ಹಿಡಿಯಿತು.

ಆಟ ಮೊದಲು ಬಂದಾಗ ಈ ಎರಡು ದಾರಿಗಳಲ್ಲಿ ಯಾವುದೂ ನೆಟ್ಟಗಿರಲಿಲ್ಲ. ನಿರ್ಜನ ಪ್ರದೇಶದಲ್ಲಿ ಅಪರಾಧ ಮಾಡಿದರೂ ಪೋಲೀಸರು ಗಾಳಿಯಿಂದ ಉದುರಿದಂತೆ ಬೆನ್ನ ಹಿಂದೆ ಪ್ರತ್ಯಕ್ಷರಾಗುತ್ತಿದ್ದರು. ಸೋನಿ ಕಂಪೆನಿಯಂತೂ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ಅದನ್ನು ಸುಮಾರು ಒಂದು ವಾರದಲ್ಲೇ ತೆಗೆದುಹಾಕಿ, 2021ರ ಜೂನ್‌ವರೆಗೆ ಮರಳಿ ಇಡಲಿಲ್ಲ. 2023ರ ಸಪ್ಟಂಬರ 21ರ ಪರಿಷ್ಕರಣದಲ್ಲಿ ಗುಣಗಳ ವ್ಯವಸ್ಥೆಯನ್ನೂ ಪೋಲೀಸರ ನಡವಳಿಕೆಯನ್ನೂ ಹೊಸದಾಗಿ ಕಟ್ಟಿದ ಮೇಲೆಯೇ ಎರಡು ದಾರಿಗಳಿಗೂ ಒಂದು ಹದ ಬಂತೆನ್ನಬಹುದು.

ಇನ್ನು ಹೇಡಿತನದ ಆರೋಪ. ಇದನ್ನು ನಾವು ಒಪ್ಪುವುದಿಲ್ಲ. ಆಟದಲ್ಲಿ ಅರಸಾಕಾ ಎಂಬ ಜಪಾನೀ ಕಂಪೆನಿಯ ಕೈಗಾರಿಕಾ ವಠಾರಕ್ಕೆ ಹೊಗುವ ಘಟ್ಟವೊಂದಿದೆ. ಕಂಪೆನಿಯ ಯಜಮಾನನಿಗೆ ಹಿಂದೆ ಅಂಗರಕ್ಷಕನಾಗಿದ್ದ ತಾಕೆಮುರಾ ಎಂಬವನ ಜತೆಯಲ್ಲಿ ಮೊದಲು ಎತ್ತರದಲ್ಲಿ ನಿಂತು ಇಡೀ ಸ್ಥಳವನ್ನು ಕಣ್ಣಳತೆಯಲ್ಲಿ ನೋಡಬೇಕು: ಗೇಟು ಎಲ್ಲಿ, ಕಾವಲು ಎಷ್ಟು, ಒಳದಾರಿ ಯಾವುದು ಎಂದು. ಬಳಿಕ ಉಗ್ರಾಣಕ್ಕೆ ಹೋಗಿ, ಮೆರವಣಿಗೆಗೆಂದು ಸಿದ್ಧಪಡಿಸಿಟ್ಟ ಒಂದು ಸ್ತಬ್ಧಚಿತ್ರದ ಯಂತ್ರಕ್ಕೆ ಕೈಹಾಕಿ ಬರಬೇಕು. ಚಿಂಚೋಳಿಯಲ್ಲಿ ದುಡಿಯುವವರಿಗೆ ಈ ನೋಟ ಅಪರಿಚಿತವೇನಲ್ಲ. ಎತ್ತರದ ಕಂಪೌಂಡು, ಶೆಡ್ಡುಗಳ ಸಾಲು, ನಿಂತ ಲಾರಿಗಳು, ಕಂಬದ ಮೇಲೆ ಕ್ಯಾಮೆರಾ, ಗೇಟಿನಲ್ಲಿ ರಿಜಿಸ್ಟರು ಹಿಡಿದ ವಾಚ್‌ಮನ್.

ಆ ವಾಚ್‌ಮನ್ ಯಾರು ಎಂಬುದನ್ನು ನಮ್ಮ ಕುಂಬಳೆಯ ಮಿತ್ರರು ಸ್ವಲ್ಪ ಯೋಚಿಸಬೇಕು. ಹೊಡೆದಾಟದ ಆಟಗಾರನಿಗೆ ಅವನೊಂದು ಅಡ್ಡಿ, ಅಷ್ಟೆ. ಗುಂಡು ತಗಲಿದೊಡನೆ ಲೆಕ್ಕ ಮುಗಿಯಿತು. ಹೊಂಚಿನ ಆಟಗಾರ ಅವನ ಪಕ್ಕದಲ್ಲೇ, ಪೆಟ್ಟಿಗೆಯ ಮರೆಯಲ್ಲಿ, ಉಸಿರು ಹಿಡಿದು ಕಾಯಬೇಕು. ಕಾಯುವಾಗ ಕಾವಲಿನ ಇಬ್ಬರು ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಅವನು ಎಷ್ಟು ಹೆಜ್ಜೆಗೆ ತಿರುಗುತ್ತಾನೆ, ಎಲ್ಲಿ ನಿಂತು ಗೋಡೆಗೆ ಒರಗುತ್ತಾನೆ ಎಂಬುದೆಲ್ಲ ತಿಳಿಯುತ್ತದೆ. ಅವನಿಗೂ ಒಂದು ಪಾಳಿಯಿದೆ, ಅದು ಮುಗಿಯಲೆಂದು ಅವನೂ ಕಾಯುತ್ತಿದ್ದಾನೆ ಎಂಬುದು ಹೊಂಚು ಹಾಕಿದವನಿಗೆ ಮಾತ್ರ ಗೊತ್ತಾಗುವ ಸಂಗತಿ. ನಮ್ಮ ಜಿಲ್ಲೆಯಿಂದ ಮುಂಬಯಿಗೂ ಗಲ್ಫಿಗೂ ಹೋದ ಎಷ್ಟು ಮಂದಿ ಇಂಥ ಗೇಟುಗಳಲ್ಲೇ ಕೂದಲು ಹಣ್ಣು ಮಾಡಿಕೊಂಡರೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆತನನ್ನು ಜೀವಂತ ಬಿಟ್ಟು ದಾಟಿಹೋಗುವುದಕ್ಕೆ ಗುಂಡಿಗೆ ಹೆಚ್ಚು ಬೇಕು, ಗುಂಡು ಬೇಡ.

ಹಾಗೆಂದು ಹೊಡೆದಾಟವೆಲ್ಲ ಕುರುಡು ಎಂದೂ ಹೇಳಲಾಗದು. ಇದೇ ಆಟದಲ್ಲಿ ರೆಜಿನಾ ಜೋನ್ಸ್ ಎಂಬಾಕೆ ಕೊಡುವ 17 ಕೆಲಸಗಳುಂಟು. ಯಂತ್ರಾಂಗಗಳಿಂದ ಬುದ್ಧಿ ಕೆಟ್ಟು ಊರಿಗೆ ಅಪಾಯವಾದವರನ್ನು ಎದುರಿಸಬೇಕು, ಆದರೆ ಸಾಧ್ಯವಾದಷ್ಟೂ ಕೊಲ್ಲದೆ ಹಿಡಿಯಬೇಕು; ಚಿಕಿತ್ಸೆ ಕೊಡಿಸೋಣ ಎಂಬುದು ಆಕೆಯ ಕೋರಿಕೆ. ಅವರಲ್ಲಿ ಹಳೆಯ ಸೈನಿಕರೂ ಇದ್ದಾರೆ. ಇಲ್ಲಿ ಎದುರು ನಿಂತೇ ಹೋರಾಡಬೇಕು, ಕೈ ಮಾತ್ರ ಬಿಗಿಹಿಡಿದಿರಬೇಕು.

ಎರಡು ದಾರಿ ಕೊಟ್ಟೆವೆಂದು ಮಾತು ಕೊಟ್ಟು ಕೊನೆಗೆ ಒಂದೇ ದಾರಿಯಲ್ಲಿ ನಡೆಸುವ ಆಟಗಳ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಈ ಬಗೆಯ ಆಟಗಳಿಗೆ ಹಿರಿಯಣ್ಣನೆಂದರೆ ವಾರೆನ್ ಸ್ಪೆಕ್ಟರ್ ನಿರ್ದೇಶನದಲ್ಲಿ 2000ದಲ್ಲಿ ಬಂದ 'ಡಿಯುಸ್ ಎಕ್ಸ್'. ಅದರ ವಂಶದಲ್ಲಿ 2011ರ ಆಗಸ್ಟಿನಲ್ಲಿ ಬಂದದ್ದು 'ಹ್ಯೂಮನ್ ರೆವಲ್ಯೂಶನ್'. ಅದರಲ್ಲಿ ಕೊಂದವನಿಗಿಂತ ಮೂರ್ಛೆಗೊಳಿಸಿದವನಿಗೆ ಹೆಚ್ಚು ಅಂಕ, ಯಾರಿಗೂ ಕಾಣದೆ ದಾಟಿದವನಿಗೆ ಪ್ರತ್ಯೇಕ ಬಹುಮಾನ. ಅಡಗಿ ಆಡುವವನು ಗಂಟೆಗಟ್ಟಲೆ ಬೆನ್ನು ತಟ್ಟಿಸಿಕೊಂಡು ಮುಂದೆ ಬರುತ್ತಾನೆ. ಒಮ್ಮಿಂದೊಮ್ಮೆಗೆ ಬಾಗಿಲು ಮುಚ್ಚುತ್ತದೆ, ಎದುರಿಗೆ ಒಬ್ಬ ದೈತ್ಯ. ಅವನನ್ನು ಕೊಲ್ಲದೆ ಗತಿಯಿಲ್ಲ. ಅಲ್ಲಿಯತನಕ ಗಳಿಸಿದ ವಿದ್ಯೆ ಅಲ್ಲಿ ನಡೆಯುವುದಿಲ್ಲ, ಕೈಯಲ್ಲಿ ತಕ್ಕ ಆಯುಧವೂ ಇಲ್ಲ. ಯಾರನ್ನೂ ಕೊಲ್ಲದೆ ಆಟ ಮುಗಿಸಿದವನಿಗೆ ಕೊಡುವ ಪದಕದ ಲೆಕ್ಕಕ್ಕೆ ಈ ದೈತ್ಯರ ಸಾವನ್ನು ಹಿಡಿಯುವುದಿಲ್ಲವೆಂಬ ರಿಯಾಯಿತಿ ಬೇರೆ! ತಯಾರಕರಿಗೇ ತಮ್ಮ ನಿಯಮದ ಮೇಲೆ ನಾಚಿಕೆಯಿತ್ತೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಆ ಕಾಳಗಗಳನ್ನು ಹೊರಗಿನ ಇನ್ನೊಂದು ಸಂಸ್ಥೆಯಿಂದ ಮಾಡಿಸಲಾಗಿತ್ತೆಂಬುದು ಆಮೇಲೆ ಬಹಿರಂಗವಾಯಿತು. ಆಟಗಾರರ ದೂರು ಎಷ್ಟಿತ್ತೆಂದರೆ, 2013ರ ಪರಿಷ್ಕೃತ ಆವೃತ್ತಿಯಲ್ಲಿ ಆ ಕೋಣೆಗಳನ್ನೇ ಬದಲಿಸಿ, ಹೊಂಚಿನವನಿಗೂ ಜಾಲ ಬಲ್ಲವನಿಗೂ ಅಲ್ಲಿ ದಾರಿ ಮಾಡಿಕೊಟ್ಟರು.

ಈ ಪ್ರಕರಣ ನಮಗೆ ಮುಖ್ಯವೆನಿಸುವುದಕ್ಕೆ ಕಾರಣವಿದೆ. ನಿಮಗೂ ದಾರಿಯುಂಟು, ನಿಮ್ಮ ರೀತಿಯಲ್ಲೇ ಬನ್ನಿ ಎಂದು ಕರೆದು, ಕೊನೆಯ ಬಾಗಿಲಲ್ಲಿ ಬೇರೆಯವರ ರೀತಿಯನ್ನೇ ಕೇಳುವ ಅನುಭವ ಕನ್ನಡದಲ್ಲಿ ಓದಿ ಉದ್ಯೋಗದ ಪರೀಕ್ಷೆಗೆ ಕುಳಿತ ನಮ್ಮ ಮಕ್ಕಳಿಗೆ ಹೊಸತಲ್ಲ.

ಅಡಗುವಿಕೆಯ ನ್ಯಾಯಾನ್ಯಾಯ ನಮ್ಮ ತಾಳಮದ್ದಳೆಗಳಲ್ಲಿ ಎಷ್ಟೋ ರಾತ್ರಿ ಚರ್ಚೆಯಾದ ವಿಷಯ. ಹನುಮಂತ ಲಂಕೆಗೆ ರಾತ್ರಿ ಗುಟ್ಟಾಗಿ ಹೋದ, ಅಂಗದ ಹಗಲಲ್ಲಿ ಸಭೆಗೇ ಹೋದ. ಇಬ್ಬರನ್ನೂ ನಾವು ಹೇಡಿಗಳೆನ್ನಲಿಲ್ಲ. ಮಲಗಿದವರನ್ನು ಕತ್ತಲಲ್ಲಿ ಕೊಂದ ಅಶ್ವತ್ಥಾಮನನ್ನು ಮಾತ್ರ ಯಾರೂ ಕ್ಷಮಿಸಿಲ್ಲ. ಆದರೆ ನಮ್ಮ ಈ ಆಟಕ್ಕೆ ತೀರ ಹತ್ತಿರದ್ದು ವಿರಾಟಪರ್ವ. ಒಂದು ವರ್ಷ ಯಾರಿಗೂ ಗುರುತು ಸಿಗಬಾರದು. ದ್ರೌಪದಿಯ ಅವಮಾನ ಸಹಿಸಲಾರದೆ ಭೀಮ ಕತ್ತಲಲ್ಲಿ ನಾಟ್ಯಶಾಲೆಯಲ್ಲಿ ಕಾದು ಕೀಚಕನನ್ನು ಮುಗಿಸಿದ. ಸದ್ದಿಲ್ಲದ ಕೊಲೆಯೇ ಸರಿ. ಆದರೆ ಹೆಣ ಮರೆಯಾಗುವಂಥದ್ದಲ್ಲ. ಇಂಥ ಬಲಶಾಲಿಯನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಯಾರೆಂದು ಹಸ್ತಿನಾವತಿಯಲ್ಲಿ ಲೆಕ್ಕ ಹಾಕಿದರು, ಗೋಗ್ರಹಣಕ್ಕೆ ಸೈನ್ಯ ಹೊರಟಿತು. ಬಿದ್ದವನನ್ನು ಅಡಗಿಸದೆ ಹೋದ ಆಟಗಾರನ ಪಾಡು ಇದಕ್ಕಿಂತ ಬೇರೆಯಲ್ಲ.

ಆಮೇಲಿನ ಭಾಗವನ್ನು ಅಕ್ಕಲಕೋಟೆಯ ಮಿತ್ರರು ಗಮನಿಸಬೇಕು. ಬೃಹನ್ನಳೆ ಗಾಂಡೀವ ಎತ್ತಿದಾಗ ಕೌರವ ಬೊಬ್ಬೆ ಹಾಕಿದ, ಅಜ್ಞಾತ ಮುರಿಯಿತು ಎಂದು. ಭೀಷ್ಮ ದಿನ ಎಣಿಸಿ, ಅಧಿಕಮಾಸಗಳನ್ನು ಸೇರಿಸಿ, ಅವಧಿ ಮುಗಿದಿದೆ ಎಂದ. ಅಡಗುವಿಕೆಗೆ ಅಲ್ಲಿ ಒಂದು ಗಡುವಿತ್ತು. ಮುಗಿದ ದಿನ ಬನ್ನಿಮರದಿಂದ ಆಯುಧ ಇಳಿಸಬೇಕಾಗಿತ್ತು. ಅಡಗುವುದರಲ್ಲಿ ನಿಪುಣನಾದ ಆಟಗಾರನಿಗೆ ಕ್ರಮೇಣ ಕಾಣಿಸಿಕೊಳ್ಳುವುದೇ ಸೋಲೆಂದು ತೋರತೊಡಗುತ್ತದೆ. ಎದುರು ನಿಂತು ಮಾತಾಡಿ ಮುಗಿಸಬಹುದಾದಲ್ಲೂ ಅವನು ಕಿಟಕಿ ಹುಡುಕುತ್ತಾನೆ. ಗೇಟಿನಲ್ಲಿ ಮರಾಠಿ, ಲಾರಿಯವನೊಡನೆ ಹಿಂದಿ, ಇಲ್ಲಿ ಕಚೇರಿಯಲ್ಲಿ ಮಲಯಾಳ, ಕನ್ನಡವೇನಿದ್ದರೂ ಕೋಣೆಯ ಬಾಗಿಲು ಹಾಕಿದ ಮೇಲೆ: ಈ ನಡಿಗೆ ನಮ್ಮವರಿಗೆ ಚೆನ್ನಾಗಿ ಅಭ್ಯಾಸವಾಗಿದೆ. ನಾಲ್ಕು ಭಾಷೆ ಬಲ್ಲವನು ಚತುರ, ಅದರಲ್ಲಿ ತಪ್ಪಿಲ್ಲ. ಗಡುವು ಯಾವಾಗ ಮುಗಿಯುತ್ತದೆಂದು ಎಣಿಸುವ ಭೀಷ್ಮ ಮಾತ್ರ ನಮ್ಮಲ್ಲಿ ಅಪರೂಪ. 2017ರಲ್ಲಿ ಮಲಯಾಳ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. 2022ರಲ್ಲಿ ಅಕ್ಕಲಕೋಟೆ ತಾಲೂಕಿನ ಕೆಲವು ಗ್ರಾಮ ಪಂಚಾಯತಿಗಳು ಸೌಕರ್ಯಗಳಿಲ್ಲದ್ದಕ್ಕೆ ಬೇಸತ್ತು ಕರ್ನಾಟಕ ಸೇರುತ್ತೇವೆಂದು ಠರಾವು ಬರೆದವು. ಅವು ಮುಂಬಾಗಿಲಿಗೇ ಹೋಗಿ ನಿಂತ ದಿನಗಳು.

ನಡುವೆ ಒಂದು ಮಾತು. ಈ ಆಟದ ಬರಹವನ್ನು ಜೆಕ್, ಹಂಗೇರಿಯನ್, ಥಾಯ್, ತುರ್ಕಿ ಭಾಷೆಗಳಲ್ಲೆಲ್ಲ ಓದಬಹುದು. ಕನ್ನಡ ಹಾಗಿರಲಿ, ಭಾರತದ ಒಂದು ಭಾಷೆಯೂ ಪಟ್ಟಿಯಲ್ಲಿಲ್ಲ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಹಂಗೇರಿಯ ಇಡೀ ಜನಸಂಖ್ಯೆ 1 ಕೋಟಿ ತುಂಬುವುದಿಲ್ಲ. ವಿಚಿತ್ರವೆಂದರೆ ಆಟದೊಳಗೆ ಹೈತಿ ದೇಶದಿಂದ ಬಂದವರು ತಮ್ಮ ಕ್ರಿಯೋಲ್ ಭಾಷೆಯನ್ನೇ ಆಡುತ್ತಾರೆ, ಕೇಳುವವನ ಕಣ್ಣ ಮುಂದೆ ಆಗಿಂದಾಗಲೇ ಅನುವಾದ ಮೂಡುತ್ತದೆ. ಯಾರೂ ತಮ್ಮ ಮಾತನ್ನು ಅಡಗಿಸಬೇಕಾಗಿಲ್ಲ.

ಈಗ ತೀರ್ಪು. ಅರಸಾಕಾದ ವಠಾರದಲ್ಲಿ ಅಕ್ಕಲಕೋಟೆಯವರ ರೀತಿಯೇ ಮೇಲು; ಕುಂಬಳೆಯವರು ಮುಂದಿನ ರಜೆಯಲ್ಲಿ ಆ ಘಟ್ಟವನ್ನು ಒಬ್ಬನಿಗೂ ಗುಂಡು ಹಾರಿಸದೆ ಒಮ್ಮೆ ದಾಟಿ ನೋಡಲಿ. ಆದರೆ ಈ ಕಥೆಯ ಬಹುತೇಕ ಎಲ್ಲ ಮುಕ್ತಾಯಗಳಲ್ಲಿ ಆಡಂ ಸ್ಮ್ಯಾಶರ್ ಎಂಬ ಲೋಹದ ಮನುಷ್ಯ ಅಡ್ಡ ನಿಲ್ಲುತ್ತಾನೆ. ಅವನ ಬೆನ್ನ ಹಿಂದಿನಿಂದ ನುಸುಳಿಹೋಗುವಂತಿಲ್ಲ. ಅಕ್ಕಲಕೋಟೆಯವರು ಅಷ್ಟರೊಳಗೆ ಒಂದಿಷ್ಟು ಅಂಕಗಳನ್ನು ದೇಹಬಲಕ್ಕೂ ಹಾಕಿಕೊಂಡಿರುವುದು ಒಳ್ಳೆಯದು. ಇಬ್ಬರೂ ಆಡಿ ಮುಗಿಸಿದ ಮೇಲೆ ಹೇಗಾಯಿತೆಂದು ನಮಗೆ ಬರೆದು ತಿಳಿಸಲಿ.