ಲಿಂಕ್ ಹಂಚಿದರೆ ಹಣ ಬರುತ್ತದೆಯೇ? ಅಫಿಲಿಯೇಟ್ ಮಾರ್ಕೆಟಿಂಗ್‌ನ ಅಸಲಿ ಲೆಕ್ಕ ಇಲ್ಲಿದೆ

"ಮನೆಯಲ್ಲೇ ಕೂತು ಲಿಂಕ್ ಶೇರ್ ಮಾಡಿ, ತಿಂಗಳಿಗೆ 30 ಸಾವಿರ ಗಳಿಸಿ. ಅನುಭವ ಬೇಕಿಲ್ಲ, ಮೊಬೈಲ್ ಇದ್ದರೆ ಸಾಕು." ಇಂಥ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದರ ಜೊತೆ 'ಅಫಿಲಿಯೇಟ್ ಮಾರ್ಕೆಟಿಂಗ್' ಎಂಬ ಹೆಸರೂ ಇರುತ್ತದೆ. ಕೆಲವರು ಇದೆಲ್ಲಾ ಮೋಸ ಎಂದು ತಳ್ಳಿಹಾಕುತ್ತಾರೆ. ಇನ್ನು ಕೆಲವರು ಇದ್ದ ಕೆಲಸ ಬಿಟ್ಟು ಇದಕ್ಕೇ ಇಳಿಯಲು ಹೊರಡುತ್ತಾರೆ. ಎರಡೂ ಸರಿಯಲ್ಲ. ಅಫಿಲಿಯೇಟ್ ಮಾರ್ಕೆಟಿಂಗ್ ನಿಜವಾದ ವ್ಯವಹಾರವೇ. ಆದರೆ ಆ ಹೆಸರಿನಲ್ಲಿ ಬರುವುದೆಲ್ಲ ಅದಲ್ಲ. ಎರಡರ ವ್ಯತ್ಯಾಸವನ್ನು ನೋಡೋಣ.

ಇದು ಹೇಗೆ ಕೆಲಸ ಮಾಡುತ್ತದೆ?

ಊರಿನಲ್ಲಿ ಸೈಟು, ಮನೆ ಮಾರಿಸಿಕೊಟ್ಟವರಿಗೆ ಕಮಿಷನ್ ಸಿಗುತ್ತದಲ್ಲ, ಇದೂ ಹಾಗೆಯೇ. ಅಮೆಜಾನ್ ಕಂಪನಿ 1996ರಲ್ಲೇ ಇಂಥ ಕಾರ್ಯಕ್ರಮ ಶುರು ಮಾಡಿತ್ತು. ನೀವು ಉಚಿತವಾಗಿ ನೋಂದಾಯಿಸಿಕೊಂಡರೆ ನಿಮಗೊಂದು ಗುರುತು ಸಿಗುತ್ತದೆ. ನೀವು ಹಂಚುವ ಲಿಂಕ್‌ನಲ್ಲಿ 'ಟ್ಯಾಗ್' ಎಂಬ ಪದದ ಮುಂದೆ ಆ ಗುರುತು ಸೇರಿಕೊಂಡಿರುತ್ತದೆ. ಆ ಲಿಂಕ್ ಒತ್ತಿ ಬಂದವರು ಏನಾದರೂ ಕೊಂಡರೆ, ಬೆಲೆಯ ಸ್ವಲ್ಪ ಭಾಗ ನಿಮಗೆ ಬರುತ್ತದೆ. ಕೊಳ್ಳುವವರಿಗೆ ಇದರಿಂದ ಬೆಲೆ ಹೆಚ್ಚಾಗುವುದಿಲ್ಲ.

ಇಲ್ಲಿ ಒಂದು ಮಾತು ನೆನಪಿಡಿ. ಲಿಂಕ್ ಹಂಚಿದ್ದಕ್ಕೆ ಹಣವಿಲ್ಲ, ಒತ್ತಿದ್ದಕ್ಕೂ ಇಲ್ಲ. ಯಾರಾದರೂ ನಿಜವಾಗಿ ವಸ್ತು ಕೊಂಡರೆ ಮಾತ್ರ ಹಣ. ಸಾಮಾನ್ಯವಾಗಿ ಲಿಂಕ್ ಒತ್ತಿದ 24 ಗಂಟೆಯೊಳಗೆ ವಸ್ತು ಕಾರ್ಟ್‌ಗೆ ಸೇರಬೇಕು. ವಾಪಸ್ ಕಳಿಸಿದರೆ ಕಮಿಷನ್ ರದ್ದು. ನಿಮ್ಮ ಲಿಂಕ್‌ನಿಂದ ನೀವೇ ಕೊಂಡರೂ ಲೆಕ್ಕಕ್ಕಿಲ್ಲ. ಹೊಸಬರು 180 ದಿನಗಳಲ್ಲಿ ಕನಿಷ್ಠ 3 ಮಾರಾಟ ಮಾಡಿಸದಿದ್ದರೆ ಖಾತೆಯೇ ಮುಚ್ಚುತ್ತದೆ. ಬಂದ ಕಮಿಷನ್ ಕೈಗೆ ಸೇರಲು ಸುಮಾರು ಎರಡು ತಿಂಗಳು ಕಾಯಬೇಕು.

ಹಾಗಾದರೆ ಎಷ್ಟು ಗಳಿಸಬಹುದು?

ಒಂದು ಲೆಕ್ಕ ಹಾಕೋಣ. 1,000 ರೂಪಾಯಿಯ ಕುಕ್ಕರ್‌ಗೆ 5% ಕಮಿಷನ್ ಎಂದುಕೊಳ್ಳಿ. ಒಂದಕ್ಕೆ 50 ರೂಪಾಯಿ ಬಂತು. ತಿಂಗಳಿಗೆ 10,000 ರೂಪಾಯಿ ಬೇಕೆಂದರೆ 200 ಕುಕ್ಕರ್ ಮಾರಾಟವಾಗಬೇಕು. ಲಿಂಕ್ ಒತ್ತಿದ 100 ಜನರಲ್ಲಿ ಇಬ್ಬರು ಕೊಳ್ಳುತ್ತಾರೆ ಎಂದಿಟ್ಟುಕೊಂಡರೂ, 10,000 ಸಲ ಲಿಂಕ್ ಒತ್ತಬೇಕಾಯಿತು. ನಿಮ್ಮ ಮೊಬೈಲ್‌ನಲ್ಲಿ 500 ನಂಬರ್‌ಗಳಿದ್ದರೆ ಅವರಲ್ಲಿ ಪ್ರತಿಯೊಬ್ಬರೂ ತಿಂಗಳಿಗೆ 20 ಸಲ ಒತ್ತಬೇಕು! ನೆಂಟರಿಷ್ಟರ ಗ್ರೂಪ್‌ಗೆ ಲಿಂಕ್ ಕಳಿಸಿ ಸಂಬಳ ಮಾಡಿಕೊಳ್ಳಬಹುದು ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ. ಮೊಬೈಲ್ ಫೋನ್‌ನಂಥ ದುಬಾರಿ ವಸ್ತುಗಳಿಗೆ ಕಮಿಷನ್ ದರ ಇನ್ನೂ ಕಡಿಮೆ.

ಹಾಗಿದ್ದರೂ ಗಳಿಸುವವರು ಇದ್ದಾರಲ್ಲ? ಇದ್ದಾರೆ. ಅವರ ಬಳಿ ಓದುಗರೋ ನೋಡುಗರೋ ಮೊದಲೇ ಇರುತ್ತಾರೆ. ಅಡುಗೆ ಚಾನೆಲ್ ನಡೆಸುವವರು ತಾವು ಬಳಸುವ ಮಿಕ್ಸಿಯ ಲಿಂಕ್ ಕೊಡುತ್ತಾರೆ, ಕೃಷಿ ವಿಡಿಯೋ ಮಾಡುವವರು ಸ್ಪ್ರೇಯರ್‌ನ ಲಿಂಕ್ ಕೊಡುತ್ತಾರೆ. ಜನ ನಂಬಿ ಕೊಳ್ಳುತ್ತಾರೆ. ಆ ನಂಬಿಕೆ ಗಳಿಸಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಮೋಸ ಎಲ್ಲಿ ನುಸುಳುತ್ತದೆ?

ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಕೋರ್ಸ್. ಅಫಿಲಿಯೇಟ್ ಮಾರ್ಕೆಟಿಂಗ್ ಕಲಿಸುತ್ತೇವೆ ಎಂದು ಕೆಲವು ಸಾವಿರ ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ಒಳಗೆ ಹೋದ ಮೇಲೆ ನೀವು ಮಾರಬೇಕಾದ್ದು ಅದೇ ಕೋರ್ಸ್ ಎಂದು ತಿಳಿಯುತ್ತದೆ. ನೀವು ಸೇರಿಸಿದವರು ಕಟ್ಟಿದ ಹಣದಲ್ಲಿ ನಿಮಗೆ ಪಾಲು, ಅವರು ಇನ್ನಷ್ಟು ಜನರನ್ನು ಸೇರಿಸಬೇಕು. ಇದು ಪಿರಮಿಡ್. ಒಬ್ಬೊಬ್ಬರು 6 ಜನರನ್ನು ಸೇರಿಸುತ್ತಾ ಹೋದರೆ ಹತ್ತನೇ ಹಂತದಲ್ಲಿ 6 ಕೋಟಿ 4 ಲಕ್ಷ ಜನ ಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಅಂದರೆ ತೊಟ್ಟಿಲ ಮಗುವೂ ಸೇರಬೇಕು! ಎಲ್ಲೋ ಒಂದು ಕಡೆ ಸರಪಳಿ ತುಂಡಾಗಲೇಬೇಕು, ಆಗ ಹಣ ಕಳೆದುಕೊಳ್ಳುವವರು ಕೊನೆಗೆ ಸೇರಿದವರು. ಸಾಮಾನ್ಯವಾಗಿ ಅವರು ನಿಮ್ಮ ಮಾತು ನಂಬಿ ಬಂದ ತಂಗಿಯೋ, ಗೆಳೆಯನೋ ಆಗಿರುತ್ತಾರೆ.

ಸದಸ್ಯರನ್ನು ಸೇರಿಸಿ ಹಣ ಮಾಡುವ ಹಣ ಚಲಾವಣೆ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ನಡೆಸುವುದಷ್ಟೇ ಅಲ್ಲ, ಅವುಗಳಿಗೆ ಸದಸ್ಯರಾಗುವುದೂ ಆ ಕಾಯ್ದೆಯ ಪ್ರಕಾರ ತಪ್ಪು. 2021ರ ನೇರ ಮಾರಾಟ ನಿಯಮಗಳೂ ಪಿರಮಿಡ್ ಯೋಜನೆಗಳನ್ನು ನಿಷೇಧಿಸಿವೆ.

ಎರಡನೆಯದು 'ಟಾಸ್ಕ್'. ವಿಡಿಯೋಗೆ ಲೈಕ್ ಒತ್ತಿ, ಹೋಟೆಲ್‌ಗೆ ಸ್ಟಾರ್ ಕೊಡಿ ಎನ್ನುತ್ತಾರೆ. ಮೊದಲ ದಿನ ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಆಮೇಲೆ ಟೆಲಿಗ್ರಾಂ ಗ್ರೂಪ್‌ಗೆ ಕರೆದು, ದೊಡ್ಡ ಟಾಸ್ಕ್‌ಗೆ ಮೊದಲು ನೀವೇ ಹಣ ಹಾಕಿ ಎನ್ನುತ್ತಾರೆ. ಪರದೆಯ ಮೇಲೆ ಲಾಭ ಬೆಳೆಯುತ್ತಾ ಹೋಗುತ್ತದೆ, ತೆಗೆಯಲು ಹೋದರೆ 'ತೆರಿಗೆ', 'ಶುಲ್ಕ' ಎಂದು ಮತ್ತೆ ಹಣ ಕೇಳುತ್ತಾರೆ. ಇದಕ್ಕೂ ಅಫಿಲಿಯೇಟ್ ಮಾರ್ಕೆಟಿಂಗ್‌ಗೂ ಯಾವ ಸಂಬಂಧವೂ ಇಲ್ಲ.

ಶುರು ಮಾಡಬೇಕೆಂದಿದ್ದರೆ

- ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯ ಆರಿಸಿಕೊಳ್ಳಿ. ಹೊಲಿಗೆ, ಕೈತೋಟ, ಪರೀಕ್ಷೆ ಪುಸ್ತಕಗಳು, ಯಾವುದಾದರೂ ಸರಿ.
- ಕಂಪನಿಯ ಅಧಿಕೃತ ಜಾಲತಾಣದಲ್ಲೇ ನೋಂದಾಯಿಸಿ. ಸೇರಲು ಹಣ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.
- ಲಿಂಕ್ ಎಲ್ಲಿ ಹಂಚಬಹುದು, ಎಲ್ಲಿ ಹಂಚಬಾರದು ಎಂಬ ನಿಯಮಗಳನ್ನು ಮೊದಲೇ ಓದಿ. ಮೀರಿದರೆ ಗಳಿಸಿದ ಕಮಿಷನ್ ಕೂಡ ಕೈತಪ್ಪಬಹುದು.
- ಬಳಸಿ ನೋಡಿದ ವಸ್ತುವಿನ ಬಗ್ಗೆಯೇ ಹೇಳಿ, ಅದರ ಕೊರತೆಯನ್ನೂ ಹೇಳಿ.
- "ಈ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ" ಎಂದು ಸ್ಪಷ್ಟವಾಗಿ ತಿಳಿಸಿ. ಇಂಥ ಲಾಭವನ್ನು ಮುಚ್ಚಿಡಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.
- ಬಂದ ಕಮಿಷನ್ ಕೂಡ ಆದಾಯವೇ. ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ.

ಫಾರ್ವರ್ಡ್ ಮಾಡುವ ಮುನ್ನ

ಮೂರು ಪ್ರಶ್ನೆ ಕೇಳಿಕೊಳ್ಳಿ. ಸೇರಲು ನಾನು ಹಣ ಕಟ್ಟಬೇಕೇ? ಹಣ ಬರುವುದು ವಸ್ತು ಮಾರಾಟದಿಂದಲೋ, ಜನರನ್ನು ಸೇರಿಸುವುದರಿಂದಲೋ? ಇಷ್ಟೇ ಆದಾಯ ಖಚಿತ ಎಂದು ಯಾರಾದರೂ ಭರವಸೆ ಕೊಡುತ್ತಿದ್ದಾರೆಯೇ? ಕಟ್ಟಬೇಕು, ಜನರನ್ನು ಸೇರಿಸಬೇಕು, ಆದಾಯ ಖಚಿತ, ಈ ಮೂರರಲ್ಲಿ ಒಂದಿದ್ದರೂ ಆ ಮೆಸೇಜ್ ಡಿಲೀಟ್ ಮಾಡಿ. ಹಣ ಈಗಾಗಲೇ ಹೋಗಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ತಡಮಾಡದೆ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕ್‌ಗೂ ತಿಳಿಸಿ. ಬೇಗ ದೂರು ಕೊಟ್ಟಷ್ಟೂ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯುವ ಅವಕಾಶ ಹೆಚ್ಚು.