ನಡುವೆ ನಿಂತವರ ಪಾಡು



ಈ ಸಲ ದೀಪಾವಳಿಗೆ ಬನಹಟ್ಟಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದು ನಮಸ್ಕರಿಸಿದಳು. ಆಕೆ ಬೆಂಗಳೂರಿನಲ್ಲಿ ಜಪಾನಿ ದುಭಾಷಿ. 1997ರಲ್ಲಿ ಬಿಡದಿಯ ಟೊಯೊಟ ಕಿರ್ಲೋಸ್ಕರ್ ಸ್ಥಾಪನೆಯಾದ ಮೇಲೆ ನಮ್ಮ ರಾಜ್ಯದಲ್ಲಿ ಈ ವೃತ್ತಿಗೆ ಬೇಡಿಕೆ ಹೆಚ್ಚಿತು. ಈಕೆಯದು ಬೇರೊಂದು ಸಣ್ಣ ಸಂಸ್ಥೆ.

"ಕೆಲಸ ಹೆಂಗ ನಡದೈತವಾ?" ಎಂದೆ.

"ಮಾತುಕತಿ ಕೂಡಿದ್ರ ಅವರು ಶಾಣ್ಯಾರು, ಕೆಟ್ರ ತಪ್ಪು ನಂದ್ರಿ ಸರ್" ಎಂದು ನಕ್ಕಳು. ಯುಗಾದಿಯ ಹೊತ್ತಿಗೆ ಕೆಲಸ ಬಿಡುವ ಯೋಚನೆ ಆಕೆಗಿದೆ.

ಜಪಾನಿಯಲ್ಲಿಯೂ ಕನ್ನಡದಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ನಿಷೇಧವೂ ಅಲ್ಲಿಯೇ ಅಡಗಿರುತ್ತದೆ. ಪೂರ್ತಿ ಕೇಳದೆ ಇಂಗ್ಲಿಷಿಗೆ ತಿರುಗಿಸುವಂತಿಲ್ಲ. ಆದರೆ ಒಂದು ಕ್ಷಣ ತಡೆದರೂ ಮೇಲಧಿಕಾರಿಗಳಿಗೆ ಅಸಹನೆ. ಲೆಕ್ಕದಲ್ಲಿಯೂ ತೊಡಕು: ಅವರ 'ಮಾನ್' ಎಂದರೆ 10,000, 'ಒಕು' ಎಂದರೆ ನಮ್ಮ 10 ಕೋಟಿ. ಮಿಲಿಯನ್ನಿಗೆ ತಿರುಗಿಸುವಾಗ ಒಂದು ಸೊನ್ನೆ ತಪ್ಪಿದರೆ ವ್ಯವಹಾರವೇ ತಪ್ಪಿತು.

'ಕೆಂತೊ ಶಿಮಸು' ಎಂಬುದಕ್ಕೆ 'ಪರಿಶೀಲಿಸುತ್ತೇವೆ' ಎಂದು ಶಬ್ದಾರ್ಥ. ನಮ್ಮ ಜಮಖಂಡಿ ಪೇಟೆಯ 'ನೋಡೂಣ್ರಿ'ಯಂತೆ ಅದು ಎಷ್ಟೋ ಸಲ ಸಭ್ಯ ನಿರಾಕರಣೆ. ಶಬ್ದವನ್ನಷ್ಟೇ ಹೇಳಿದರೆ ಕೇಳಿದವರು ಆಸೆಯಿಂದ ಕಾಯುತ್ತಾರೆ. ಭಾವವನ್ನು ಹೇಳಿದರೆ, 'ಅವರು ಹೇಳದ್ದನ್ನು ನೀನೇಕೆ ಸೇರಿಸಿದೆ?' ಎಂಬ ಆಕ್ಷೇಪ.

ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಭಾಷಣದ ಜೊತೆಜೊತೆಗೇ ಅನುವಾದಿಸುವವರು ಇಬ್ಬರಿದ್ದು, ಸುಮಾರು ಅರ್ಧ ಗಂಟೆಗೊಮ್ಮೆ ಸರದಿ ಬದಲಿಸುತ್ತಾರೆ. ಈಕೆ ದಿನವಿಡೀ ಒಬ್ಬಳೇ. ಊಟದಲ್ಲಿಯೂ ಇಬ್ಬರ ಮಾತು ದಾಟಿಸುತ್ತ ಕೂಡಬೇಕು; ತಟ್ಟೆಯ ಅನ್ನ ಆರುತ್ತದೆ. ಸಭೆಯ ಕಾಗದಪತ್ರ ಮೊದಲೇ ಕೊಡಿರೆಂದರೆ, 'ನಿನಗೆ ಜಪಾನಿ ಬರುವುದಿಲ್ಲವೇ?' ಎಂಬ ಪ್ರಶ್ನೆ.

ನಡುವೆ ನಿಂತವರ ಬೆಲೆ ನಮ್ಮ ಸೀಮೆಗೆ ಹೊಸತಲ್ಲ. 1948ರವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಮರಾಠಿ ಕಾಗದವನ್ನು ರೈತನಿಗೆ ಕನ್ನಡದಲ್ಲಿ ತಿಳಿಸುವವನನ್ನು ಜಮಖಾನೆ ಹಾಸಿ ಕೂರಿಸುತ್ತಿದ್ದರೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಅವನ ಬಾಯಿಂದ ಬಂದ ಒಂದು ಮಾತಿನ ಮೇಲೆ ಹೊಲ ನಿಂತಿರುತ್ತಿತ್ತು.

ದುಭಾಷಿ ನೀರು ಹರಿಸುವ ಕೊಳವೆಯಲ್ಲ, ಅರ್ಥಕ್ಕೆ ಹೊಣೆ ಹೊತ್ತ ಮನುಷ್ಯ. ಕಾಗದ ಒಂದು ದಿನ ಮೊದಲು ಕೊಡುವುದು, ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದು, ಊಟಕ್ಕೆ ಬಿಡುವುದು ಉಪಕಾರವಲ್ಲ; ಕೆಲಸ ಸರಿಯಾಗಲು ಬೇಕಾದ ಏರ್ಪಾಡು. ನಿಮ್ಮಲ್ಲಿ ಅಧಿಕಾರದ ಕುರ್ಚಿಯಲ್ಲಿರುವವರು ಇದನ್ನು ಗಮನಿಸಬೇಕು.

ನನ್ನದೂ ಒಂದು ತಪ್ಪಿದೆ. ಅನುವಾದದ ಪ್ರಶ್ನೆಯಲ್ಲಿ ಶಬ್ದಕ್ಕೆ ಶಬ್ದ ಕೂಡದಿದ್ದರೆ ಅಂಕ ಕಳೆಯುತ್ತಿದ್ದವನು ನಾನು. ಅಂದು ಭಾವವನ್ನು ಹಿಡಿದು ಬರೆದು ಅಂಕ ಕಳೆದುಕೊಂಡವರಲ್ಲಿ ಈಕೆಯೂ ಒಬ್ಬಳು.