ಮನೆ ನಮ್ಮದು, ಲೆಕ್ಕ ಯಾರದು?

ಕಳೆದ ಬೇಸಿಗೆಯ ಒಂದು ಸಂಜೆ ಕರೆಂಟು ಹೋಯಿತು. ಜನರೇಟರ್ ಚಾಲೂ ಆಗಲಿಲ್ಲ. ಬೆಂಗಳೂರಿನ ಹೊರವಲಯದಲ್ಲಿರುವ ನಮ್ಮ ವಸತಿ ಸಮುಚ್ಚಯದ ಲಿಫ್ಟ್‌ಗಳೆಲ್ಲ ನಿಂತವು. ಡಯಾಲಿಸಿಸ್ ಮುಗಿಸಿ ಆಸ್ಪತ್ರೆಯಿಂದ ಮರಳಿದ್ದ ಎಂಟನೆಯ ಮಹಡಿಯ ಹಿರಿಯರೊಬ್ಬರನ್ನು ಇಬ್ಬರು ಕಾವಲುಗಾರರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲು ಹತ್ತಿ ಹೊತ್ತೊಯ್ದರು. ಮರುದಿನ ನಿರ್ವಹಣಾ ಸಂಸ್ಥೆಯ ಮ್ಯಾನೇಜರರನ್ನು ಕಂಡು, ಡೀಸೆಲ್ ಏಕಿರಲಿಲ್ಲ ಎಂದು ಕೇಳಿದೆ. ಹಿಂದಿನ ತಿಂಗಳ ಡೀಸೆಲ್ ಬಿಲ್ ತೋರಿಸಿ ಎಂದೆ. ಅವರು ವಿನಯದಿಂದಲೇ ಹೇಳಿದರು: ‘ಲೆಕ್ಕ ಬೇಕಿದ್ದರೆ ಬಿಲ್ಡರ್ ಆಫೀಸಿಗೆ ಹೋಗಿ ಸಾರ್. ನಮ್ಮ ಅಗ್ರಿಮೆಂಟ್ ಇರುವುದು ಅವರ ಜೊತೆ, ನಿಮ್ಮ ಜೊತೆ ಅಲ್ಲ.’

ಆ ಮಾತಿನಲ್ಲಿ ಉದ್ಧಟತನವಿರಲಿಲ್ಲ, ಸತ್ಯವಿತ್ತು. ಸಮಸ್ಯೆಯ ಬೇರು ಇರುವುದೂ ಅಲ್ಲಿಯೇ. ಹಣ ಕೊಡುವವರು ನಾವು, ನೇಮಿಸುವವರು ಬೇರೆಯವರು. ಯಾವ ಸಂಸ್ಥೆಯಾದರೂ ತನ್ನನ್ನು ನೇಮಿಸಿದವರಿಗೆ ನಿಷ್ಠವಾಗಿರುತ್ತದೆಯೇ ಹೊರತು ಹಣ ತೆತ್ತವರಿಗಲ್ಲ.

ಈ ವ್ಯವಸ್ಥೆಯಲ್ಲಿ ಓಡಾಡುವ ಹಣ ಸಣ್ಣದೇನಲ್ಲ. 1,200 ಚದರ ಅಡಿಯ ಮನೆಗೆ ಚದರ ಅಡಿಗೆ 4 ರೂಪಾಯಿಯಂತೆ ಲೆಕ್ಕ ಹಾಕಿದರೆ ತಿಂಗಳಿಗೆ 4,800 ರೂಪಾಯಿ. ಅಂಥ 200 ಮನೆಗಳಿದ್ದರೆ ವರ್ಷಕ್ಕೆ 1 ಕೋಟಿ 15 ಲಕ್ಷ ರೂಪಾಯಿ ದಾಟುತ್ತದೆ. ಮುಂದೆಂದೋ ಲಿಫ್ಟ್ ಬದಲಿಸಲು, ಗೋಡೆಗೆ ಬಣ್ಣ ಬಳಿಸಲು ಎಂದು ಬೀಗದ ಕೈ ಕೊಡುವಾಗಲೇ ಸಂಗ್ರಹಿಸುವ ಕಾರ್ಪಸ್ ನಿಧಿ ಬೇರೆ. ಗ್ರಾಮ ಪಂಚಾಯಿತಿಯ ಖರ್ಚುವೆಚ್ಚವನ್ನು ಗ್ರಾಮಸಭೆಯಲ್ಲಿ ಪ್ರಶ್ನಿಸಬಹುದು. ಮಾಹಿತಿ ಹಕ್ಕಿನಡಿ ಕಡತವನ್ನೇ ಕೇಳಿ ಪಡೆಯಬಹುದು. ಆದರೆ ಕೋಟಿ ರೂಪಾಯಿ ವ್ಯವಹಾರದ ಸಮುಚ್ಚಯದಲ್ಲಿ ಪದವೀಧರರೇ ತುಂಬಿದ್ದರೂ ಟ್ಯಾಂಕರ್ ನೀರಿನ ರಸೀದಿಯೊಂದನ್ನು ನೋಡುವುದಕ್ಕೂ ಅಂಗಲಾಚಬೇಕು.

ಕಾನೂನೇ ಇಲ್ಲವೆಂದಲ್ಲ. ಅಪಾರ್ಟ್‌ಮೆಂಟ್ ಮಾಲೀಕತ್ವಕ್ಕೆ ಸಂಬಂಧಿಸಿದ ಕಾಯ್ದೆಯನ್ನು ಕರ್ನಾಟಕ 1972ರಲ್ಲಿಯೇ ರೂಪಿಸಿತು. ಘೋಷಣಾ ಪತ್ರವನ್ನು ನೋಂದಾಯಿಸಿ, ಉಪವಿಧಿಗಳನ್ನು ರಚಿಸಿ, ಮಾಲೀಕರ ಸಂಘವೇ ಆಡಳಿತ ನಡೆಸಬೇಕೆಂಬುದು ಅದರ ಆಶಯ. 2016ರ ರೇರಾ ಕಾಯ್ದೆ ಇನ್ನಷ್ಟು ಸ್ಪಷ್ಟವಾಗಿ ಮಾತನಾಡಿತು. ಸ್ಥಳೀಯ ಕಾನೂನಿನಲ್ಲಿ ಬೇರೆ ನಿಯಮವಿಲ್ಲದಿದ್ದರೆ, ಹೆಚ್ಚಿನ ಮನೆಗಳು ಬುಕ್ ಆದ ಮೂರು ತಿಂಗಳೊಳಗೆ ಮಾಲೀಕರ ಸಂಘ ರಚನೆಯಾಗುವಂತೆ ಬಿಲ್ಡರ್ ನೋಡಿಕೊಳ್ಳಬೇಕು. ಸಂಘ ವಹಿಸಿಕೊಳ್ಳುವವರೆಗೆ ಅಗತ್ಯ ಸೇವೆಗಳನ್ನು ನ್ಯಾಯಯುತ ಶುಲ್ಕಕ್ಕೆ ಒದಗಿಸಬೇಕು. ಸ್ವಾಧೀನಾನುಭವ ಪತ್ರ ದೊರೆತ ಮೇಲೆ ನಕ್ಷೆ, ದಾಖಲೆಗಳನ್ನು ಸಂಘಕ್ಕೆ ಒಪ್ಪಿಸಬೇಕು. ಮನೆ ಹಸ್ತಾಂತರವಾದ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕಾಮಗಾರಿಯಲ್ಲಿ ದೋಷ ಕಂಡುಬಂದರೆ ಉಚಿತವಾಗಿ ಸರಿಪಡಿಸಿಕೊಡಬೇಕು.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬಂತಾಗಿದೆ ನಮ್ಮ ಸ್ಥಿತಿ. ಕೊನೆಯ ಬ್ಲಾಕ್ ಮುಗಿದಿಲ್ಲ, ಕೆಲವು ಮನೆಗಳು ಮಾರಾಟವಾಗಿಲ್ಲ ಎಂಬ ನೆಪಗಳಲ್ಲಿ ಹಸ್ತಾಂತರ ವರ್ಷಗಟ್ಟಲೆ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕದ ಪಂಪು ಸವೆದಿರುತ್ತದೆ, ನೆಲಮಾಳಿಗೆಯಲ್ಲಿ ನೀರು ಒಸರತೊಡಗಿರುತ್ತದೆ, ದೋಷ ಸರಿಪಡಿಸಿಕೊಡಬೇಕಾದ ಐದು ವರ್ಷಗಳ ಗಡುವೂ ಕರಗುತ್ತಿರುತ್ತದೆ. ತೆರಿಗೆಯಲ್ಲಿಯೂ ನಷ್ಟ ನಮಗೇ. ಲಾಭದ ಉದ್ದೇಶವಿಲ್ಲದ ನಿವಾಸಿಗಳ ಸಂಘ ತನ್ನ ಸದಸ್ಯರಿಂದ ಪಡೆಯುವ ನಿರ್ವಹಣಾ ಶುಲ್ಕಕ್ಕೆ ತಿಂಗಳಿಗೆ 7,500 ರೂಪಾಯಿವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅದೇ ಶುಲ್ಕವನ್ನು ಖಾಸಗಿ ಕಂಪನಿ ವಸೂಲು ಮಾಡಿದರೆ ಆ ವಿನಾಯಿತಿ ಅನ್ವಯಿಸದು.

ಇಷ್ಟೆಲ್ಲ ದೂರುವ ನಾನು ನನ್ನ ತಪ್ಪನ್ನೂ ಹೇಳಬೇಕು. ಆ ಸಂಜೆಯ ನಂತರ ಕ್ರಯದ ಕರಾರು ಪತ್ರವನ್ನು ಕಪಾಟಿನಿಂದ ತೆಗೆದು ಓದಿದೆ. ನಿರ್ವಹಣೆಯನ್ನು ಯಾರಿಗೆ ವಹಿಸಬೇಕೆಂಬುದನ್ನು ಬಿಲ್ಡರ್ ತೀರ್ಮಾನಿಸಬಹುದೆಂಬ ಷರತ್ತು ಅದರಲ್ಲಿತ್ತು. ಆ ಪುಟದ ಕೆಳಗೆ ನನ್ನದೇ ಸಹಿ. ಅಡುಗೆಮನೆಯ ಕಲ್ಲಿನ ಬಣ್ಣ ಆರಿಸಲು ಮೂರು ಭಾನುವಾರ ಅಲೆದವನು, ಆ ಪುಟಕ್ಕೆ ಮೂರು ನಿಮಿಷ ಕೊಟ್ಟಿರಲಿಲ್ಲ. ಸಂಘ ಕಟ್ಟಲು ಕೆಲವರು ಕರೆದ ಎರಡು ಸಭೆಗಳಿಗೂ ನಾನು ಹೋಗಿರಲಿಲ್ಲ. ಸಂಘದ ರಚನೆಯಲ್ಲಿ ಭಾಗವಹಿಸುವುದು ಮನೆ ಕೊಂಡವರ ಕರ್ತವ್ಯವೆಂದು ರೇರಾ ಕಾಯ್ದೆಯೇ ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಸಂಘ ಬಂದ ಮಾತ್ರಕ್ಕೆ ಎಲ್ಲವೂ ಸರಿಯಾಗುತ್ತದೆ ಎಂಬ ಭ್ರಮೆಯೂ ಬೇಡ. ಅಧಿಕಾರ ಕೈಗೆ ಬಂದೊಡನೆ ನಾವು ಮಾಡುವ ಮೊದಲ ಕೆಲಸ ಅತಿ ಕಡಿಮೆ ದರದ ಗುತ್ತಿಗೆದಾರನನ್ನು ಹುಡುಕುವುದು. ಆ ಕಡಿಮೆ ದರ ಯಾರ ಹೊಟ್ಟೆಯಿಂದ ಬರುತ್ತದೆ? ಹನ್ನೆರಡು ಗಂಟೆ ಗೇಟಿನಲ್ಲಿ ನಿಲ್ಲುವ ಕಾವಲುಗಾರನ, ಮೆಟ್ಟಿಲು ಒರೆಸುವ ಹೆಂಗಸಿನ ಸಂಬಳದಿಂದ. ಹಿರಿಯರನ್ನು ಹೊತ್ತೊಯ್ದ ಇಬ್ಬರಲ್ಲಿ ಒಬ್ಬನನ್ನು ಸಂಬಳದ ಬಗ್ಗೆ ವಿಚಾರಿಸಿದೆ. ತನ್ನ ಹೆಸರಿನಲ್ಲಿ ನಮ್ಮಿಂದ ಎಷ್ಟು ವಸೂಲಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಅವನ ಕೈಗೆ ಎಷ್ಟು ಸೇರುತ್ತದೆ ಎಂಬುದು ನನಗೂ ಅದುವರೆಗೆ ಗೊತ್ತಿರಲಿಲ್ಲ. ಲೆಕ್ಕ ಮುಚ್ಚಿಟ್ಟಲ್ಲಿ ಮೋಸಹೋಗುವವರು ಮನೆ ಮಾಲೀಕರು ಮಾತ್ರವಲ್ಲ.

ಹೀಗಾಗಿ ಆಗಬೇಕಾದ ಕೆಲಸಗಳು ಕೆಲವಿವೆ. ಸಂಘ ರಚನೆಯಾಗಿ ದಾಖಲೆ ಮತ್ತು ಕಾರ್ಪಸ್ ನಿಧಿ ಹಸ್ತಾಂತರವಾಗುವ ತನಕ ಯಾವ ಯೋಜನೆಯನ್ನೂ ‘ಪೂರ್ಣಗೊಂಡಿದೆ’ ಎಂದು ರೇರಾ ಪ್ರಾಧಿಕಾರ ಪರಿಗಣಿಸಬಾರದು. ನಿರ್ವಹಣಾ ಸಂಸ್ಥೆಯನ್ನು ಯಾರೇ ನೇಮಿಸಿರಲಿ, ತಿಂಗಳ ಜಮಾ ಖರ್ಚನ್ನು ಬಿಲ್ಲುಗಳ ಸಮೇತ ನಿವಾಸಿಗಳ ಮುಂದಿಡುವುದು ಕಡ್ಡಾಯವಾಗಬೇಕು. ಇಂಥ ತಕರಾರುಗಳಿಗೆ ಉಪನೋಂದಣಾಧಿಕಾರಿ, ಸಹಕಾರ ಇಲಾಖೆ, ರೇರಾ, ಸಿವಿಲ್ ನ್ಯಾಯಾಲಯ ಎಂದು ಅಲೆಯುವುದನ್ನು ತಪ್ಪಿಸಿ, ಒಂದೇ ಕಡೆ ಕಾಲಮಿತಿಯಲ್ಲಿ ಇತ್ಯರ್ಥವಾಗುವ ಏರ್ಪಾಡನ್ನು ಸರ್ಕಾರ ಮಾಡಬೇಕು. ಸರ್ಕಾರ ಮಾಡಲಾಗದ ಕೆಲಸವೂ ಒಂದಿದೆ: ಸಭೆಗೆ ಹೋಗಿ ಕೂರುವುದು.

ಕಳೆದ ತಿಂಗಳು ನಮ್ಮಲ್ಲಿ ಮೂರನೆಯ ಸಭೆ ಸೇರಿತು. ನಾನೂ ಹೋಗಿದ್ದೆ. ಡಯಾಲಿಸಿಸ್‌ನ ಆ ಹಿರಿಯರು ಲಿಫ್ಟಿನಲ್ಲಿ ಇಳಿದು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಇವತ್ತು ಡೀಸೆಲ್ ಎಷ್ಟಿದೆ?’ ಸಭೆಯಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಮ್ಮ ಸಂಘದ ಮೊದಲ ನಿರ್ಣಯ ಹುಟ್ಟಿದ್ದು ಆ ಪ್ರಶ್ನೆಯಿಂದ.